ಕಿಂಡಿಯಲ್ಲಿ ಬಂದವನು



2025ರ ಜನವರಿ ತಿಂಗಳಲ್ಲಿ ಚಿತ್ರದುರ್ಗ ನಗರದ ಹೊಳಲ್ಕೆರೆ ರಸ್ತೆಯಲ್ಲಿ ಪೊಲೀಸರು ಆರು ಮಂದಿ ಬಾಂಗ್ಲಾದೇಶದವರನ್ನು ಬಂಧಿಸಿದ ಸುದ್ದಿ ನಿಮಗೆ ನೆನಪಿರಬಹುದು. ಗಡಿಯನ್ನು ಕಳ್ಳತನದಿಂದ ದಾಟಿ, ನಕಲಿ ದಾಖಲೆಗಳನ್ನು ಮಾಡಿಸಿಕೊಂಡು, ಕೆಲಸ ಹುಡುಕುತ್ತಾ ನಮ್ಮ ಕೋಟೆಯ ಊರಿನವರೆಗೆ ಬಂದವರು ಎಂದು ಪತ್ರಿಕೆಗಳು ಬರೆದವು. ಆಧಾರ್ ಕಾರ್ಡು, ಮತದಾರರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲವೂ ಅವರ ಬಳಿ ಇದ್ದವಂತೆ.

ಅದಾದ ಮೇಲಿನ ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಒಬ್ಬ ತಾಯಿ ಮರದ ಕೆಳಗೆ ನನಗಾಗಿ ಕಾದು ನಿಂತಿದ್ದರು. ಊರಿನ ಹೆಸರು ಬೇಡ. ಗಂಡನನ್ನು ಕಳೆದುಕೊಂಡವರು, ಮನೆಯ ಹಿಂದಿನ ಎರಡು ಕೋಣೆಗಳ ಬಾಡಿಗೆಯಲ್ಲಿ ಸಂಸಾರ ತೂಗಿಸುವವರು. ಒಂದು ಕೋಣೆಯಲ್ಲಿ ಗಂಡ, ಹೆಂಡತಿ, ಮೂರು ವರ್ಷದ ಮಗು ಇದ್ದರು. ಗಂಡ ಸೆಂಟ್ರಿಂಗ್ ಕೆಲಸದವನು. ಕೇಳಿದಾಗ 'ಮಾಲ್ಡಾ' ಎಂದಿದ್ದ, ಆಧಾರ್ ಕಾರ್ಡಿನ ಜೆರಾಕ್ಸು ಕೊಟ್ಟಿದ್ದ. ಬಂಧನದ ಸುದ್ದಿ ಬಂದ ಎರಡನೆಯ ರಾತ್ರಿಯೇ ಮೂವರೂ ಕಾಣೆಯಾದರು. ಅನ್ನದ ಪಾತ್ರೆ ಒಲೆಯ ಮೇಲೆಯೇ ಉಳಿದಿತ್ತು. ಬಾಡಿಗೆಗೆಂದು ಮುಂಗಡ ಕೊಟ್ಟಿದ್ದ 3,000 ರೂಪಾಯಿಯನ್ನೂ ಕೇಳದೆ ಹೋಗಿದ್ದರು.

"ಸ್ವಾಮಿಯವರೇ, ಅವರು ನಿಜವಾಗಿ ಯಾರೋ ನನಗೆ ಗೊತ್ತಿಲ್ಲ. ಆದರೆ ಒಂದೆರಡು ಸಲ ಅನುಮಾನ ಬಂದಿತ್ತು. ಪೊಲೀಸರಿಗೆ ಹೇಳದೆ ಇದ್ದದ್ದು ಪಾಪವೇ? ಅಥವಾ ಹೇಳಿದ್ದರೆ ಪಾಪವಾಗುತ್ತಿತ್ತೇ?" ಎಂದು ಆಕೆ ಕೇಳಿದರು. ಪಕ್ಕದಲ್ಲಿದ್ದ ಮಗ, ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಇರುವ ಹುಡುಗ, ತಾಯಿಯ ಮಾತನ್ನು ಅರ್ಧಕ್ಕೇ ತಡೆದು, "ಕಳ್ಳದಾರಿಯಲ್ಲಿ ಬಂದವರನ್ನು ಹೊರಗಟ್ಟಬೇಕು ಫಾದರ್, ನಮಗೇ ಕೆಲಸವಿಲ್ಲ" ಎಂದ. ನಾನು ಇನ್ನೊಂದು ಪೂಜೆಗೆ ಹೊರಡುವ ಅವಸರದಲ್ಲಿದ್ದೆ. "ಅವರಿಗಾಗಿ ಪ್ರಾರ್ಥನೆ ಮಾಡೋಣ" ಎಂದು ಹೇಳಿ ಬೈಕು ಹತ್ತಿದೆ. ಪ್ರಾರ್ಥನೆ ಮಾಡೋಣ ಎಂಬುದು ಎಂದಿಗೂ ತಪ್ಪಾಗದ ಉತ್ತರ. ಆದ್ದರಿಂದಲೇ ಗುರುಗಳು ಅದನ್ನು ಅತಿಯಾಗಿ ಬಳಸುತ್ತೇವೆ. ಆ ತಾಯಿ ಕೇಳಿದ್ದು ಬೇರೆಯದೇ ಪ್ರಶ್ನೆ. ತಡವಾದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹುಡುಗನ ಪಕ್ಷವನ್ನೇ ತೆಗೆದುಕೊಳ್ಳೋಣ. ಚಿತ್ರದುರ್ಗದವರಿಗೆ ಗೋಡೆಯ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಏಳು ಸುತ್ತಿನ ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದಾಗ, ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ಒನಕೆ ಹಿಡಿದು ನಿಂತ ಓಬವ್ವನ ಕಥೆಯನ್ನು ನಮ್ಮ ಧರ್ಮೋಪದೇಶದ ಮಕ್ಕಳೂ ಅಭಿನಯಿಸುತ್ತಾರೆ. ಗಡಿ ಕಾಯುವುದು ಪಾಪವೆಂದು ಈ ಊರಿನಲ್ಲಿ ನಿಂತು ಯಾರು ಹೇಳಿಯಾರು? 1779ರಲ್ಲಿ ಕೋಟೆ ಬಿದ್ದಾಗ ಮದಕರಿನಾಯಕನನ್ನೂ ಸಾವಿರಾರು ಜನರನ್ನೂ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಗೋಡೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಈ ನೆಲ ಕಂಡಿದೆ. ಧರ್ಮಸಭೆಯೂ ಇದನ್ನು ಒಪ್ಪುತ್ತದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 2241ನೆಯ ಪರಿಚ್ಛೇದವನ್ನು ತೆರೆದು ನೋಡಿ: ಅನುಕೂಲವುಳ್ಳ ದೇಶಗಳು ತಮ್ಮ ಶಕ್ತಿಗೆ ತಕ್ಕಂತೆ ಪರದೇಶಿಯನ್ನು ಬರಮಾಡಿಕೊಳ್ಳಬೇಕು ಎನ್ನುತ್ತದೆ, ಆದರೆ ಸಾರ್ವಜನಿಕ ಹಿತಕ್ಕಾಗಿ ಆಳುವವರು ಷರತ್ತುಗಳನ್ನು ಹಾಕಬಹುದು, ಬಂದವನು ಬಂದ ನಾಡಿನ ಕಾನೂನನ್ನು ಪಾಲಿಸಬೇಕು ಎಂದೂ ಸೇರಿಸುತ್ತದೆ. ನಮ್ಮಲ್ಲಿ ಕೆಲವರು ಮೊದಲ ಅರ್ಧವನ್ನು ಓದುತ್ತಾರೆ, ಕೆಲವರು ಎರಡನೆಯದನ್ನು.

ಆದರೆ ಓಬವ್ವನ ಕಥೆಯಲ್ಲಿ ಒಂದು ಸಣ್ಣ ಸಂಗತಿಯಿದೆ. ಆ ಕಿಂಡಿಯಲ್ಲಿ ಮನುಷ್ಯರು ನುಸುಳಬಹುದೆಂದು ಶತ್ರುವಿಗೆ ಗೊತ್ತಾದದ್ದು ಹೇಗೆ? ಅದರಲ್ಲಿ ಯಾರೋ ದಿನವೂ ಓಡಾಡುತ್ತಿದ್ದುದರಿಂದ. ಕಥೆಯ ಒಂದು ರೂಪದಲ್ಲಿ ಅವಳು ಮೊಸರು ಮಾರುವ ಹೆಂಗಸು. ಅಂದರೆ ಕಿಂಡಿಯಲ್ಲಿ ಬಂದವರೆಲ್ಲ ಸೈನಿಕರಲ್ಲ. ಮೊಸರಿನ ಗಡಿಗೆಯೂ ಅಲ್ಲೇ ಬರುತ್ತಿತ್ತು, ಕತ್ತಿಯೂ ಅಲ್ಲೇ ಬಂತು. ಓಬವ್ವ ಮೊಸರಿನವಳ ಮೇಲೆ ಒನಕೆ ಎತ್ತಲಿಲ್ಲ. ಬಂದವನು ಯಾರು, ಯಾಕೆ ಬಂದ ಎಂದು ನೋಡುವುದು ಕಾವಲುಗಾರನ ಕೆಲಸದ ಒಂದು ಭಾಗವೇ ಅಲ್ಲವೇ?

ಇಲ್ಲಿಯೇ ನಮ್ಮ ದೇಶದ ಕಾನೂನಿನ ಒಂದು ತೊಡಕನ್ನು ತಿಳಿದಿರಬೇಕು. ಕೂಲಿಗಾಗಿ ಬಂದವನು ಬೇರೆ, ಪ್ರಾಣ ಉಳಿಸಿಕೊಳ್ಳಲು ಓಡಿ ಬಂದವನು ಬೇರೆ. ಎರಡನೆಯವನನ್ನು ನಿರಾಶ್ರಿತ ಎನ್ನುತ್ತೇವೆ. ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗಾಗಿಯೇ ಒಂದು ಪ್ರತ್ಯೇಕ ಕಾನೂನೂ ನಮ್ಮಲ್ಲಿ ಇಲ್ಲ. 1946ರ ವಿದೇಶೀಯರ ಕಾಯಿದೆಯ ಕಣ್ಣಿಗೆ ಕಾಗದವಿಲ್ಲದ ಪರದೇಶಿ ಒಬ್ಬನೇ. ಅದರ ಜಾಗಕ್ಕೆ ಬಂದು 2025ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ಹೊಸ ಕಾಯಿದೆಯೂ ನಿರಾಶ್ರಿತ ಎಂಬ ಪದಕ್ಕೆ ಅರ್ಥ ಕೊಡುವುದಿಲ್ಲ. 2019ರ ಪೌರತ್ವ ತಿದ್ದುಪಡಿ ಮೂರು ದೇಶಗಳಿಂದ ಬಂದ ಆರು ಧರ್ಮಗಳವರಿಗೆ ಬಾಗಿಲು ತೆರೆಯಿತು. ಅದರಲ್ಲಿ ಕ್ರೈಸ್ತರೂ ಇದ್ದಾರೆ, ಮುಸ್ಲಿಮರು ಇಲ್ಲ. ನಮ್ಮ ಹೆಸರು ಪಟ್ಟಿಯಲ್ಲಿ ಇದೆಯೆಂದು ನಾವು ಸಮಾಧಾನಪಟ್ಟುಕೊಂಡರೆ ಅದು ಸುವಾರ್ತೆಗೆ ಒಪ್ಪುವ ಸಮಾಧಾನವಲ್ಲ ಎಂದು ನನ್ನ ಭಾವನೆ. ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ದಾರಿಯಲ್ಲಿ ಬಿದ್ದವನ ಧರ್ಮವನ್ನು ಸಮಾರಿಯದವನು ವಿಚಾರಿಸಲಿಲ್ಲ.

ಕಾನೂನು ಮೌನವಾಗಿದ್ದರೂ ಈ ನಾಡು ಆಶ್ರಯ ಕೊಡುವುದನ್ನು ಬಿಟ್ಟಿರಲಿಲ್ಲ. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರದ ನೆಲದಲ್ಲೇ ಆಳಿದ ಕೆಳದಿಯ ಚೆನ್ನಮ್ಮ 1689ರ ಸುಮಾರಿಗೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಬೆನ್ನಟ್ಟಿ ಬರುತ್ತಿದ್ದವನು ಔರಂಗಜೇಬ. ಒಪ್ಪಿಸಿಬಿಟ್ಟಿದ್ದರೆ ಆಕೆಯ ರಾಜ್ಯಕ್ಕೆ ಅಪಾಯವಿರಲಿಲ್ಲ. ಆಕೆ ಒಪ್ಪಿಸಲಿಲ್ಲ, ಮೊಗಲ ಸೈನ್ಯವನ್ನು ಎದುರಿಸಬೇಕಾಯಿತು. ಓಬವ್ವ ಗೋಡೆಯನ್ನು ಕಾದಳು, ಚೆನ್ನಮ್ಮ ಬಾಗಿಲನ್ನು ತೆರೆದಳು; ನಾವು ಇಬ್ಬರನ್ನೂ ವೀರವನಿತೆಯರೆಂದು ಒಂದೇ ಉಸಿರಿನಲ್ಲಿ ಹೊಗಳುತ್ತೇವೆ. ಆ ಹೊಗಳಿಕೆಯಲ್ಲಿ ವಿರೋಧವಿಲ್ಲ.

ಇತ್ತೀಚಿನ ಕಾಲಕ್ಕೆ ಬನ್ನಿ. 1959ರಲ್ಲಿ ದಲೈ ಲಾಮಾ ಅವರೊಂದಿಗೆ ಟಿಬೆಟಿನಿಂದ ಓಡಿಬಂದ ಜನರಿಗೆ 1960ರಲ್ಲಿ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. ಆಗ ಮುಖ್ಯಮಂತ್ರಿ ಬಿ. ಡಿ. ಜತ್ತಿಯವರು. 1966ರಲ್ಲಿ ಮುಂಡಗೋಡಿನ ವಸತಿ ಆರಂಭವಾದಾಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಅವರ ಉಪಕಾರವನ್ನು ದಲೈ ಲಾಮಾ ಸಾರ್ವಜನಿಕವಾಗಿ ಅನೇಕ ಸಲ ನೆನೆದಿದ್ದಾರೆ. (ಇದೇ ನಿಜಲಿಂಗಪ್ಪನವರನ್ನು 1962ರ ಚುನಾವಣೆಯಲ್ಲಿ ಹೊಸದುರ್ಗದವರು ಸೋಲಿಸಿ ಕಳುಹಿಸಿದ್ದರು, ದೂರದ ಬಾಗಲಕೋಟೆಯವರು ಆರಿಸಿದ್ದರಿಂದ ಅವರು ಮುಖ್ಯಮಂತ್ರಿಯಾದರು. ಪರವೂರಿನ ಆಶ್ರಯದ ರುಚಿ ಅವರಿಗೂ ಗೊತ್ತಿತ್ತು ಎನ್ನೋಣ.) ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿಗಳಿಗೆ ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಕ್ಯಾಂಪುಗಳು ಎದ್ದವು. ಶ್ರೀಲಂಕಾದ ಚಹಾ ತೋಟಗಳಿಂದ 1964ರ ಒಪ್ಪಂದದ ಮೇರೆಗೆ ಬಂದ ತಮಿಳರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ನೆಲೆ ಕಂಡರು. 1971ರಲ್ಲಿ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದಾಗ ಬಡ ಭಾರತ ಗೇಟು ಹಾಕಲಿಲ್ಲ. ಯುದ್ಧ ಮುಗಿದ ಮೇಲೆ ಹೆಚ್ಚಿನವರು ತಾವಾಗಿಯೇ ಮರಳಿದರು.

ಇನ್ನು ನಮ್ಮದೇ ಮನೆಯ ಲೆಕ್ಕ. ಪೂಜೆಗೆ ಬರುವ ಕೊಂಕಣಿ ಮಾತಿನ ಕುಟುಂಬಗಳ ಪೂರ್ವಜರು ಗೋವಾದಿಂದ ಕೆನರಾಕ್ಕೆ ಬಂದದ್ದು ಕ್ಷಾಮಕ್ಕೆ, ಯುದ್ಧಕ್ಕೆ, ಪೋರ್ಚುಗೀಸರ ಧರ್ಮವಿಚಾರಣೆಯ ಭಯಕ್ಕೆ. ಹೌದು, ಕ್ರೈಸ್ತ ಆಡಳಿತಕ್ಕೇ ಹೆದರಿ ಓಡಿಬಂದ ಕ್ರೈಸ್ತರೂ ಅವರಲ್ಲಿದ್ದರು. ಅವರಿಗೆ ಬೇಸಾಯಕ್ಕೆ ಭೂಮಿ ಸಿಕ್ಕಿದ್ದು ಕೆಳದಿಯ ಅರಸರ ಸೀಮೆಯಲ್ಲಿ. ಅವರ ಬಳಿ ಯಾವ ಕಾಗದವಿತ್ತು? ತಮಿಳು, ತೆಲುಗು ಮನೆಮಾತಿನವರನ್ನು ಕೇಳಿದರೂ ಅಜ್ಜನೋ ಮುತ್ತಜ್ಜನೋ ಕೂಲಿ ಹುಡುಕಿ ಬಂದ ಕಥೆಯೇ ಸಿಗುತ್ತದೆ. ಮಳೆ ಕೈಕೊಟ್ಟ ವರ್ಷ ಹಿರಿಯೂರು, ಹೊಸದುರ್ಗದ ಹಳ್ಳಿಗಳಿಂದ ಬೆಂಗಳೂರಿಗೆ, ಕಾಫಿ ಸೀಮೆಗೆ ಗುಳೆ ಹೋದವರು ನಮ್ಮಲ್ಲೂ ಇದ್ದಾರೆ. ಜಿಲ್ಲೆಯ ಗಡಿ ದಾಟಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಜೋಸೆಫರು ತಾಯಿ ಮಗುವನ್ನು ಎಬ್ಬಿಸಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಪ್ರಸಂಗವನ್ನು ಇಂಥ ಮಾತಿನಲ್ಲಿ ಎಲ್ಲರೂ ನೆನೆಯುತ್ತಾರೆ. ಈಜಿಪ್ಟೂ ರೋಮನರ ಕೈಯಲ್ಲೇ ಇದ್ದುದರಿಂದ ಅದು ಅಕ್ರಮ ಗಡಿ ದಾಟುವಿಕೆ ಅಲ್ಲ ಎಂದು ವಾದಿಸುವವರೂ ಇದ್ದಾರೆ. ಇರಬಹುದು. ಹೆರೋದನ ಕೈಗೆ ಎಟುಕದ ಜಾಗ ಅದು ಎಂಬುದೇ ಮುಖ್ಯ. 1952ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸರು ವಲಸೆ ಬಂದವರ ಆರೈಕೆಯ ಬಗ್ಗೆ ಹೊರಡಿಸಿದ ದಾಖಲೆಗೆ ಈ ಗಡೀಪಾರಾದ ಪವಿತ್ರ ಕುಟುಂಬದ ಹೆಸರನ್ನೇ ಇಟ್ಟರು.

ಹಾಗಾದರೆ ಹೊಟ್ಟೆಪಾಡಿಗೆ ಗಡಿ ದಾಟಿದವನ ತಪ್ಪು ಎಷ್ಟು ದೊಡ್ಡದು? ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ನನ್ನನ್ನು ಬೆಚ್ಚಿಬೀಳಿಸಿದ ಒಂದು ಬೋಧನೆ ಸಂತ ತೋಮಸ್ ಅಕ್ವಿನಾಸರದು. ಪ್ರಾಣ ಹೋಗುವಂಥ ಕೊರತೆಯಲ್ಲಿ ಇರುವವನು ಮತ್ತೊಬ್ಬನ ಸೊತ್ತಿನಿಂದ ಬದುಕಿಗೆ ಬೇಕಾದಷ್ಟನ್ನು ತೆಗೆದುಕೊಂಡರೆ ಅದು ಕಳ್ಳತನವೇ ಅಲ್ಲ ಎಂದು ಅವರು ಬರೆಯುತ್ತಾರೆ. ಭೂಮಿಯ ಫಲಗಳು ಎಲ್ಲ ಮಾನವರಿಗಾಗಿ. ಆಸ್ತಿಯ ಬೇಲಿ ಆಮೇಲೆ ಬಂದದ್ದು, ಒಳ್ಳೆಯ ಕಾರಣಕ್ಕೇ ಬಂದದ್ದು, ಆದರೆ ಪ್ರಾಣಕ್ಕಿಂತ ದೊಡ್ಡದಲ್ಲ. ದೇಶದ ಬೇಲಿಗೂ ಈ ಮಾತನ್ನು ಹೊಂದಿಸಬಹುದು ಎಂದು ನನಗೆ ತೋರುತ್ತದೆ. ಆದರೆ ಎಚ್ಚರಿಕೆಯಿಂದ ಹೊಂದಿಸಬೇಕು. ತೋಮಸರು ಹೇಳಿದ್ದು ಪ್ರಾಣಸಂಕಟದ ಬಗ್ಗೆ. ಹೆಚ್ಚು ಕೂಲಿಯ ಆಸೆಯ ಬಗ್ಗೆ ಅಲ್ಲ. ಮತ್ತು ಅದೇ ತೋಮಸರು, ಪರದೇಶಿಯನ್ನು ಬಂದ ಕೂಡಲೇ ಪ್ರಜೆಯಾಗಿ ಸೇರಿಸಿಕೊಳ್ಳದೆ, ಕೆಲವು ತಲೆಮಾರು ಕಾಯಿಸಿದ ಹಳೆಯ ಒಡಂಬಡಿಕೆಯ ಕ್ರಮಕ್ಕೂ ಸಮರ್ಥನೆ ಕೊಟ್ಟಿದ್ದಾರೆ. ಅವರನ್ನು ಯಾವ ಪಕ್ಷದವರೂ ಪೂರ್ತಿಯಾಗಿ ತಮ್ಮವರನ್ನಾಗಿ ಮಾಡಿಕೊಳ್ಳಲಾರರು.

ನಕಲಿ ಆಧಾರ್ ಕಾರ್ಡಿನ ಮಾತೇ ಬೇರೆ. ಅದು ಸುಳ್ಳು. ಸುಳ್ಳನ್ನು ತೋಮಸರು ಯಾವ ಸಂಕಟದಲ್ಲೂ ಪುಣ್ಯವೆಂದು ಕರೆಯಲಿಲ್ಲ. ಅದರಿಂದ ಏಟು ಬೀಳುವುದು ಸರಕಾರಕ್ಕಿಂತ ಹೆಚ್ಚಾಗಿ ಬಡವನಿಗೆ. ಒಬ್ಬನ ನಕಲಿ ಕಾರ್ಡಿನಿಂದ ನಿಜವಾದ ಮಾಲ್ಡಾದವನ ಅಸಲಿ ಕಾರ್ಡೂ ಅನುಮಾನಕ್ಕೆ ಗುರಿಯಾಗುತ್ತದೆ. 2025ರಲ್ಲಿ ಬಂಗಾಲಿ ಮಾತಾಡುವ ಭಾರತೀಯರನ್ನೇ ಹಿಡಿದು ಗಡಿಯಾಚೆ ತಳ್ಳಿ, ಆಮೇಲೆ ಹಿಂದಕ್ಕೆ ಕರೆತಂದ ಪ್ರಸಂಗಗಳು ನಡೆದವು. ಅಷ್ಟಾದರೂ, ಸುಳ್ಳು ಕಾರ್ಡು ಮಾಡಿಸಿಕೊಂಡ ಕೂಲಿಯವನ ಪಾಪವನ್ನು, ದುಡ್ಡು ತಿಂದು ಅದನ್ನು ಮಾಡಿಕೊಟ್ಟ ದಲ್ಲಾಳಿಯ ಪಾಪದೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದು.

'ನಮ್ಮವರು ಮೊದಲು' ಎಂಬ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅದೇ 2025ರ ಆರಂಭದಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ. ಡಿ. ವಾನ್ಸ್, ಅವರೂ ಕಥೋಲಿಕರೇ, ಪ್ರೀತಿಗೆ ಒಂದು ಕ್ರಮವಿದೆ, ಮೊದಲು ಮನೆಯವರು, ಆಮೇಲೆ ನೆರೆಯವರು, ದೇಶದವರು, ಕೊನೆಗೆ ಉಳಿದವರು ಎಂದು ವಾದಿಸಿದರು. ಜಗದ್ಗುರು ಫ್ರಾನ್ಸಿಸರು ಫೆಬ್ರವರಿಯಲ್ಲಿ ಅಮೆರಿಕದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಸಮಾರಿಯದವನ ಸಾಮತಿಯನ್ನು ಧ್ಯಾನಿಸಿದರೆ ಪ್ರೀತಿಯ ನಿಜವಾದ ಕ್ರಮ ತಿಳಿಯುತ್ತದೆ ಎಂಬರ್ಥದಲ್ಲಿ ಉತ್ತರ ಕೊಟ್ಟರು. ಕ್ರಮವಿರುವುದು ನಿಜ. ನನ್ನ ತಾಯಿಗೆ ಔಷಧಿ ಕೊಡಿಸದೆ ಬೀದಿಯವರಿಗೆ ಹಂಚಿದರೆ ಅದು ದಾನವಲ್ಲ. ಆದರೆ ಅಕ್ವಿನಾಸರು ಇಲ್ಲಿಯೂ ಒಂದು ಕಟ್ಟಳೆ ಹೇಳುತ್ತಾರೆ: ಅಪರಿಚಿತನು ಪ್ರಾಣಾಪಾಯದಲ್ಲಿದ್ದು, ತಂದೆಗೆ ಅಷ್ಟು ಕಷ್ಟವಿಲ್ಲದಿದ್ದರೆ, ಅಪರಿಚಿತನಿಗೇ ಮೊದಲು ನೆರವಾಗಬೇಕು. ನಂಟಿನ ಜೊತೆಗೆ ಸಂಕಟದ ಆಳವನ್ನೂ ಅಳೆಯಬೇಕು ಎಂದಾಯಿತು.

ಕೆಲಸ ಕಸಿಯುವ ಮಾತಿಗೆ ಬರುತ್ತೇನೆ, ಏಕೆಂದರೆ ಇಲ್ಲಿ ನಾವು ನಿಜವಾದ ಕಳ್ಳನನ್ನು ಬಿಟ್ಟು ಬೇರೆಯವನನ್ನು ಹಿಡಿಯುತ್ತಿದ್ದೇವೆ. ಅಡಿಕೆ ಸುಲಿಯಲು, ಇಟ್ಟಿಗೆ ಹೊರಲು, ಸೆಂಟ್ರಿಂಗ್ ಕಟ್ಟಲು ಹೊರರಾಜ್ಯದವರನ್ನು ಕರೆತರುವವರು ಯಾರು? ನಾವೇ. ಕಾಗದವಿಲ್ಲದವನನ್ನು ಇಟ್ಟುಕೊಂಡರೆ ಲಾಭ ಹೆಚ್ಚು: ಕೂಲಿ ಕಡಿಮೆ ಕೊಡಬಹುದು, ಬಿದ್ದು ಕಾಲು ಮುರಿದರೆ ಕೇಳುವವರಿಲ್ಲ, ಅವನು ಲೇಬರ್ ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ. ಆ ಡಿಪ್ಲೊಮಾ ಹುಡುಗನ ಕೂಲಿಯನ್ನು ಇಳಿಸಿದ್ದು ಗಡಿ ದಾಟಿ ಬಂದವನ ಹಸಿವಲ್ಲ, ಆ ಹಸಿವಿಗೆ ರೇಟು ಕಟ್ಟಿದ ಊರವನ ಲೆಕ್ಕಾಚಾರ. ಆ ತಾಯಿ ಆಮೇಲೆ ಹೇಳಿದ ಪ್ರಕಾರ, ಓಡಿಹೋದವನಿಗೆ ಕಂಟ್ರಾಕ್ಟರನಿಂದ ಐದು ವಾರದ ಕೂಲಿ ಬರಬೇಕಿತ್ತು. ಅವನು ಇನ್ನು ಬಂದು ಕೇಳುವುದಿಲ್ಲ ಎಂದು ಗೊತ್ತಾದಾಗ ಒಬ್ಬರಿಗೆ ಸಂತೋಷವೇ ಆಗಿರಬೇಕು. ಕೂಲಿಯವರಿಂದ ಹಿಡಿದಿಟ್ಟ ಹಣ ದೇವರ ಕಿವಿಗೆ ಕೇಳುವಂತೆ ಕೂಗುತ್ತದೆ ಎಂದು ಸಂತ ಯಕೋಬರು ಎಚ್ಚರಿಸಿದ್ದಾರೆ. ಪಾಸ್‌ಪೋರ್ಟು ಇದ್ದವನ ಕೂಲಿ ಮಾತ್ರ ಎಂದು ಅವರು ಬರೆದಿಲ್ಲ. ಪಾಪನಿವೇದನೆಗೆ ಬರುವವರು ಇದನ್ನೂ ನೆನಪಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಆ ಹುಡುಗ ನನ್ನನ್ನು ಮತ್ತೆ ಭೇಟಿಯಾದದ್ದು ಫೆಬ್ರವರಿಯಲ್ಲಿ. 5ನೆಯ ತಾರೀಖು ಅಮೆರಿಕದ ಸೇನಾ ವಿಮಾನವೊಂದು ಅಕ್ರಮವಾಗಿ ಗಡಿ ದಾಟಿದ್ದ 104 ಮಂದಿ ಭಾರತೀಯರನ್ನು ತಂದು ಅಮೃತಸರದಲ್ಲಿ ಇಳಿಸಿತ್ತು. ಕೈಗೆ ಕೋಳ, ಕಾಲಿಗೆ ಸರಪಳಿ. ಹುಡುಗ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಅವನ ಮುಖ ಕೆಂಪಾಗಿತ್ತು. "ಇವರೇನು ಕೊಲೆಗಾರರೇ ಫಾದರ್? ಹೊಟ್ಟೆಪಾಡಿಗೆ ಹೋದವರು!" ಎಂದ. ಜನವರಿಯ ಮಾತನ್ನು ನೆನಪಿಸಿ ಅವನನ್ನು ನಾಚಿಸಬಹುದಿತ್ತು. ಮಾಡಲಿಲ್ಲ, ಏಕೆಂದರೆ ಫೆಬ್ರವರಿಯಲ್ಲಿ ಅವನು ಹೇಳಿದ್ದು ಸರಿಯಾಗಿತ್ತು. ಅಮೆರಿಕಕ್ಕೆ ಅವರನ್ನು ಹಿಂದಕ್ಕೆ ಕಳುಹಿಸುವ ಹಕ್ಕಿಲ್ಲ ಎಂದು ಅವನು ಹೇಳುತ್ತಿರಲಿಲ್ಲ. ಸರಪಳಿ ಹಾಕಿದ್ದು ತಪ್ಪು ಎನ್ನುತ್ತಿದ್ದ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಶಿವಮೊಗ್ಗ, ದಾವಣಗೆರೆ ಕಡೆಯ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದು, ಊಟ ನೀರಿಲ್ಲದೆ ದಿನಗಳನ್ನು ಕಳೆದದ್ದನ್ನೂ ಅವನಿಗೆ ಹೇಳಿದೆ. ಅವನು ಸುಮ್ಮನಾದ. ಆಮೇಲೆ ತಾನಾಗಿಯೇ, "ಆ ಮಗುವಿಗೆ ಜ್ವರ ಇತ್ತು, ಹೋದ ದಿನ" ಎಂದ.

ಈಗ ಆ ತಾಯಿಗೆ ಕೊಡಬೇಕಾದ ಉತ್ತರ.

ಅಮ್ಮಾ, ತಿಳಿಯದೆ ಮಾಡಿದ್ದು ಪಾಪವಲ್ಲ. ನೀವು ಕಾರ್ಡು ಕೇಳಿದಿರಿ, ಅವನು ಕೊಟ್ಟ. ನಿಮ್ಮಲ್ಲಿದ್ದದ್ದು ಅನುಮಾನ, ತಿಳಿವಳಿಕೆಯಲ್ಲ. ಮಾತಿನ ಧಾಟಿ ಕೇಳಿಯೇ ಮನುಷ್ಯನನ್ನು ಠಾಣೆಗೆ ಒಪ್ಪಿಸಿದ್ದರೆ, ಅವನು ನಿಜವಾಗಿ ಮಾಲ್ಡಾದವನೇ ಆಗಿದ್ದರೆ, ಆ ಅನ್ಯಾಯ ನಿಮ್ಮ ಮೇಲೆ ಬರುತ್ತಿತ್ತು. ಆದರೆ ಮುಂದೆ ಯಾರಾದರೂ ಪರದೇಶದವರೆಂದು ಖಚಿತವಾಗಿ ತಿಳಿದರೆ, ಮನೆ ಕೊಟ್ಟವರು ಅದನ್ನು ಅಧಿಕಾರಿಗಳಿಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಅದನ್ನು ಮುಚ್ಚಿಡಿ ಎಂದು ನಾನು ಹೇಳಲಾರೆ. ಪೊಲೀಸರು ಕೇಳಿದರೆ ಸುಳ್ಳು ಹೇಳಬೇಡಿ. ತಿಳಿಸುವ ಮೊದಲಾಗಲಿ ಆಮೇಲಾಗಲಿ ಮಗುವಿಗೆ ಔಷಧಿ, ಮನೆಯವರಿಗೆ ಊಟ ತಪ್ಪಿಸಬೇಡಿ. ಠಾಣೆಗೆ ಹೋಗಬೇಕಾಗಿ ಬಂದರೆ ನನ್ನನ್ನೂ ಕರೆಯಿರಿ, ಜೊತೆಗೆ ಬರುತ್ತೇನೆ. ನಮ್ಮ ಸಂವಿಧಾನದ 21ನೆಯ ವಿಧಿ ಪ್ರಾಣದ ರಕ್ಷಣೆಯನ್ನು ಪ್ರಜೆಗೆ ಮಾತ್ರವಲ್ಲ, ವ್ಯಕ್ತಿಗೆ ಕೊಡುತ್ತದೆ. 1996ರಲ್ಲಿ ಅರುಣಾಚಲದ ಚಕ್ಮಾ ಜನರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಿಂದಕ್ಕೆ ಕಳುಹಿಸಿದರೆ ಕೊಲ್ಲುತ್ತಾರೆ ಎಂದು ಒಬ್ಬನು ನಿಮ್ಮ ಅಂಗಳದಲ್ಲಿ ನಿಂತು ಹೇಳಿದರೆ ಏನು ಮಾಡಬೇಕು? ಚೆನ್ನಮ್ಮನಿಗೆ ಸೈನ್ಯವಿತ್ತು, ನಿಮಗಿಲ್ಲ. ವಕೀಲರ ಬಳಿಗೆ, ಧರ್ಮಾಧ್ಯಕ್ಷರ ಬಳಿಗೆ ಅವನನ್ನು ಕರೆದುಕೊಂಡು ಹೋಗುವುದು ನನ್ನ ಹೊಣೆ. ಅಷ್ಟು ಸಾಲದೆ ಹೋಗಬಹುದು. ಅಂಥವನನ್ನು ನಾನು ನನ್ನ ಕೈಯಾರೆ ಒಪ್ಪಿಸಲಾರೆ ಎಂಬುದಂತೂ ನನಗೆ ಗೊತ್ತು.

ಉಳಿದದ್ದು ಆ 3,000 ರೂಪಾಯಿ. ಯಜಮಾನನು ಸಿಗದ ಹಣವನ್ನು ಬಡವರಿಗೆ ಕೊಡಬೇಕೆಂಬುದು ನಮ್ಮ ನೀತಿಶಾಸ್ತ್ರದ ಹಳೆಯ ನಿಯಮ. ಹಾಗೆಂದು ಸಂತ ವಿನ್ಸೆಂಟ್ ದೇ ಪೌಲ್ ಸಭೆಯ ಡಬ್ಬಿಯನ್ನು ತೋರಿಸಿದೆ. ಆಕೆ ಒಪ್ಪಲಿಲ್ಲ. ಆರು ನೋಟುಗಳನ್ನು ಆ ಆಧಾರ್ ಜೆರಾಕ್ಸಿನಲ್ಲೇ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾರೆ. ಹೆಸರು ಸುಳ್ಳಿರಬಹುದು ಸ್ವಾಮಿಯವರೇ, ಫೋಟೋ ಅವನದೇ ತಾನೇ, ಬಂದರೆ ಗುರುತು ಹಿಡಿಯುತ್ತೇನೆ ಎಂದರು.